ಖಾಲಿ ಕುರ್ಚಿಯಲ್ಲಿ ಕುಳಿತವರು ಯಾರು?

ಮಕ್ಕಳೇ, ಚಿತ್ರ ಬಿಡಿಸಿ ಎಂದರೆ ನೀವು ಮೊದಲು ಏನು ಬಿಡಿಸುತ್ತೀರಿ? ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಮನೆ, ಪಕ್ಕದಲ್ಲಿ ತೆಂಗಿನ ಮರ, ಅಲ್ಲವೇ? ಬರೀ ಒಂದು ಕುರ್ಚಿಯನ್ನು ಬಿಡಿಸಿ ಜನ ಇವತ್ತಿಗೂ ನಿಂತು ನೋಡುವಂತೆ ಮಾಡಿದವನೊಬ್ಬನಿದ್ದ. ಹಾಲೆಂಡಿನ ವಿನ್ಸೆಂಟ್ ವ್ಯಾನ್ ಗೋ.

1888ರ ಕೊನೆಯಲ್ಲಿ ಆತ ಫ್ರಾನ್ಸಿನ ಆರ್ಲ್ ಎಂಬ ಊರಿನಲ್ಲಿದ್ದ. ಗೆಳೆಯ ಪಾಲ್ ಗೋಗ್ಯಾಂ ಕೂಡ ಅದೇ ಮನೆಯಲ್ಲಿ ಬಂದು ಉಳಿದಿದ್ದ. ವಿನ್ಸೆಂಟ್ ತಾನು ಕೂರುವ ಕುರ್ಚಿಯ ಚಿತ್ರ ಬರೆದ. ಸಾದಾ ಮರ, ಹುಲ್ಲು ಹೆಣೆದ ಆಸನ, ಅದರ ಮೇಲೆ ತನ್ನ ಪೈಪು, ಒಂದಿಷ್ಟು ಹೊಗೆಸೊಪ್ಪು. ಹಿಂದಿನ ಪೆಟ್ಟಿಗೆಯಲ್ಲಿ ಮೊಳಕೆಯೊಡೆದ ಈರುಳ್ಳಿ! ಗೆಳೆಯನದು ಕೈಗಳಿರುವ ಕುರ್ಚಿ. ಅದರ ಮೇಲೆ ಉರಿಯುವ ಮೋಂಬತ್ತಿ, ಎರಡು ಪುಸ್ತಕ. ಎರಡರಲ್ಲೂ ಮನುಷ್ಯರಿಲ್ಲ. ಆದರೂ ಯಾರು ಎಂಥವರೆಂದು ನಮಗೆ ತಿಳಿದುಬಿಡುತ್ತದೆ.

ಇದಕ್ಕೂ ಮುಂಚೆ, 1885ರ ಮಾರ್ಚ್‌ನಲ್ಲಿ ವಿನ್ಸೆಂಟನ ತಂದೆ ತೀರಿಕೊಂಡರು. ಅವರು ಚರ್ಚಿನ ಪಾದ್ರಿ. ಮಗನಿಗೋ ಕಾದಂಬರಿಗಳ ಹುಚ್ಚು. ಇಬ್ಬರಿಗೂ ಆಗಾಗ ಜಗಳವಾಗುತ್ತಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆತ ಅಪ್ಪನ ದೊಡ್ಡ ಬೈಬಲ್ಲನ್ನು ತೆರೆದಿಟ್ಟು, ಪಕ್ಕದಲ್ಲಿ ಆರಿದ ಮೋಂಬತ್ತಿ, ಮುಂದೆ ಓದಿ ಓದಿ ಸವೆದ ಕಾದಂಬರಿ ಇಟ್ಟು ಒಂದೇ ದಿನದಲ್ಲಿ ಚಿತ್ರ ಮುಗಿಸಿದ. ಅಪ್ಪ–ಮಗ ಕೊನೆಗೂ ಒಂದೇ ಮೇಜಿನ ಮೇಲೆ ಜೊತೆಯಾಗಿದ್ದಾರೆ ಎಂದು ನನಗೆ ಅನಿಸುತ್ತದೆ.

ಇವೆಲ್ಲ ತೈಲವರ್ಣದ ಚಿತ್ರಗಳು. ತೈಲವರ್ಣ ಎಂದರೆ ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಅರೆದದ್ದು. ಯಾವ ಎಣ್ಣೆ ಗೊತ್ತೇ? ಹೆಚ್ಚಾಗಿ ಅಗಸೆ ಬೀಜದ್ದು. ಉತ್ತರ ಕರ್ನಾಟಕದ ಅಜ್ಜಿಯರು ರೊಟ್ಟಿಯ ಜೊತೆ ಬಡಿಸುವ ಅಗಸಿ ಚಟ್ನಿಯ ಅಗಸೆಯೇ! ಈ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಟ್ಟಲೆ ಬೇಕು. ಅಲ್ಲಿಯವರೆಗೆ ತಿದ್ದಬಹುದು, ಕೆರೆದು ತೆಗೆಯಬಹುದು, ಮತ್ತೆ ನೋಡಬಹುದು.

ಆ ‘ಮತ್ತೆ ನೋಡುವುದ’ರಲ್ಲೇ ಗುಟ್ಟಿದೆ. ಕಳೆದ ಮಳೆಗಾಲದಲ್ಲಿ ನಾನು ನಮ್ಮಮ್ಮನ ಹಿತ್ತಾಳೆಯ ಅಡಕತ್ತರಿಯನ್ನು ಎಣ್ಣೆಬಣ್ಣದಲ್ಲಿ ಬರೆಯಲು ಕೂತೆ. ಎರಡನೆಯ ದಿನ ಹಿಡಿಗೆ ಹೊಳಪು ಕೊಡುವಾಗ ಕಂಡಿತು, ಹೆಬ್ಬೆರಳು ಊರುವ ಕಡೆ ಹಿತ್ತಾಳೆ ಸವೆದು ತಗ್ಗಾಗಿದೆ. ನಲವತ್ತು ವರ್ಷ ಕಣ್ಣೆದುರೇ ಇದ್ದ ವಸ್ತು! ಕುಂಚ ಆ ತಗ್ಗಿಗೆ ಬಂದಾಗ, ರಾತ್ರಿ ನಾವು ಮಲಗಿದ ಮೇಲೆ ಪಡಸಾಲೆಯಿಂದ ಕೇಳುತ್ತಿದ್ದ ‘ಕಟ್, ಕಟ್’ ಸದ್ದು ನೆನಪಾಯಿತು. ಆ ಸದ್ದು ಇದ್ದಷ್ಟು ಹೊತ್ತು ಅಮ್ಮ ಎಚ್ಚರವಿದ್ದಾಳೆಂದು ನಮಗೆ ಧೈರ್ಯ. ಅಮ್ಮನ ಫೋಟೋ ಗೋಡೆಯ ಮೇಲಿದೆ, ಆದರೆ ಅದರಲ್ಲಿ ಈ ಸದ್ದಿಲ್ಲ.

ಅಜ್ಜ ಅಜ್ಜಿಯರೇ, ಅಟ್ಟದ ಮೇಲಿನ ಹಳೆಯ ಸಾಮಾನನ್ನು ಗುಜರಿಗೆ ಹಾಕುವ ಮುನ್ನ ಮೊಮ್ಮಕ್ಕಳನ್ನು ಕರೆಯಿರಿ. ಮಕ್ಕಳೇ, ನೀವು ಅದರಲ್ಲಿ ಒಂದನ್ನು ಆರಿಸಿ, ಕಿಟಕಿಯ ಬೆಳಕಿನಲ್ಲಿಟ್ಟು ಬಿಡಿಸಿ. ಎಣ್ಣೆಬಣ್ಣವೇ ಆಗಬೇಕೆಂದಿಲ್ಲ, ಕ್ರೇಯಾನ್ಸ್ ಸಾಕು. ಎಣ್ಣೆಬಣ್ಣವಾದರೆ ದೊಡ್ಡವರು ಜೊತೆಗಿರಲಿ, ಟರ್ಪೆಂಟೈನ್ ವಾಸನೆ ಹೋಗಲು ಕಿಟಕಿ ತೆರೆದಿರಲಿ. ಬಿಡಿಸುತ್ತಾ ಮೂರು ಪ್ರಶ್ನೆ ಕೇಳಿ: ಇದು ಎಲ್ಲಿಂದ ಬಂತು? ಯಾರ ಕೈಯಲ್ಲಿ ಹೆಚ್ಚು ಇರುತ್ತಿತ್ತು? ಎಲ್ಲಿ ಸವೆದಿದೆ? ಉತ್ತರವನ್ನು ಹಾಳೆಯ ಹಿಂದೆ ಬರೆದಿಡಿ. ಚಿತ್ರ ಸೊಟ್ಟಗಾದರೂ ಚಿಂತೆಯಿಲ್ಲ. ಸಾಮಾನು ನಾಳೆ ಗುಜರಿಗೆ ಹೋದರೂ ಅದರ ಕತೆ ಮನೆಯಲ್ಲೇ ಉಳಿಯುತ್ತದೆ.