ಹೆಸರಷ್ಟೇ ಸಾಲದು, ಕಾರಣವೂ ಬೇಕು

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ವಿಕ್ಸ್‌ಬರ್ಗ್‌ನಲ್ಲಿ ಅಂತರ್ಯುದ್ಧದ ರಣಭೂಮಿಯನ್ನು 1899ರಿಂದ ರಾಷ್ಟ್ರೀಯ ಉದ್ಯಾನವಾಗಿ ಕಾಪಾಡಿಕೊಂಡು ಬರಲಾಗಿದೆ. ಅಲ್ಲಿನ 1,300ಕ್ಕೂ ಹೆಚ್ಚು ಸ್ಮಾರಕ, ಫಲಕಗಳ ನಡುವೆ ಇಲಿನಾಯ್ ರಾಜ್ಯ 1906ರಲ್ಲಿ ಕಟ್ಟಿಸಿದ ಬಿಳಿ ಅಮೃತಶಿಲೆಯ ಗುಮ್ಮಟ ಎದ್ದು ಕಾಣುತ್ತದೆ. ಸೈನಿಕರನ್ನು ಹೇಗೆ ನೆನೆಯಬೇಕು ಎಂಬುದಕ್ಕೆ ಇಷ್ಟು ಒಳ್ಳೆಯ ಮಾದರಿಗಳು ವಿರಳ. ಆದರೂ ಅದು ಹೇಳುವುದು ಅರ್ಧ ಮಾತು. ಅದರ ವಿನ್ಯಾಸದ ಒತ್ತೆಲ್ಲ ಯಾರು ಹೋರಾಡಿದರು ಎಂಬುದರ ಮೇಲಿದೆ. ಯಾತಕ್ಕಾಗಿ ಹೋರಾಡಿದರು ಎಂಬುದು ನೋಡುಗರಿಗೆ ತಿಳಿಯುವುದಿಲ್ಲ. ರಣಭೂಮಿಯ ಸ್ಮಾರಕದಲ್ಲಿ ಈ ಮೌನ ಸಲ್ಲದು.

ಮೊದಲು ಅದರ ಹಿರಿಮೆಯನ್ನು ಒಪ್ಪಿಕೊಳ್ಳಬೇಕು. ಇದರ ವಿನ್ಯಾಸಕ ವಿಲಿಯಂ ಲಿ ಬ್ಯಾರನ್ ಜೆನ್ನಿ. ಷಿಕಾಗೋದ ಮೊದಲ ಗಗನಚುಂಬಿ ಕಟ್ಟಡದ ಶಿಲ್ಪಿಯೆಂದು ಹೆಸರಾದ ಇವರು ಅಂತರ್ಯುದ್ಧದಲ್ಲಿ ಯೂನಿಯನ್, ಅಂದರೆ ಉತ್ತರದ ಪಕ್ಷದ ಸೇನಾಪತಿಗಳಾದ ಗ್ರ್ಯಾಂಟ್ ಮತ್ತು ಶೆರ್ಮನ್ ಅವರ ಕೈಕೆಳಗೆ ಸೇನಾ ಎಂಜಿನಿಯರ್ ಆಗಿದ್ದವರು. ಸ್ಮಾರಕಕ್ಕೆ ಹತ್ತಲು 47 ಮೆಟ್ಟಿಲುಗಳಿವೆ. 1863ರ ಮೇ 18ರಿಂದ ಜುಲೈ 4ರವರೆಗೆ ಯೂನಿಯನ್ ಸೇನೆ ವಿಕ್ಸ್‌ಬರ್ಗ್‌ಗೆ ಹಾಕಿದ್ದ ಮುತ್ತಿಗೆಯ ಒಂದೊಂದು ದಿನಕ್ಕೆ ಒಂದೊಂದು ಮೆಟ್ಟಿಲು. ಒಳಗೆ ರೋಮ್‌ನ ಪ್ಯಾಂಥಿಯಾನ್‌ನಂತೆ ನೆತ್ತಿ ತೆರೆದ ಗುಮ್ಮಟ. ಬಿಸಿಲೂ ಮಳೆಯೂ ನೇರವಾಗಿ ನೆಲಕ್ಕಿಳಿಯುತ್ತವೆ. ಸುತ್ತಲೂ 60 ಕಂಚಿನ ಫಲಕಗಳು, ಅವುಗಳಲ್ಲಿ 36,325 ಹೆಸರುಗಳು. ಸತ್ತವರಿಗಷ್ಟೇ, ಸೇನಾಪತಿಗಳಿಗಷ್ಟೇ ಮೀಸಲಾದ ಪಟ್ಟಿ ಇದಲ್ಲ. ಆ ಕಾರ್ಯಾಚರಣೆಯಲ್ಲಿ ಪಾಲ್ಗೊಂಡ ಇಲಿನಾಯ್‌ನ ಸಾಮಾನ್ಯ ಸಿಪಾಯಿಗೂ ಇಲ್ಲಿ ಜಾಗವಿದೆ. ಹೆಣ್ಣಾಗಿ ಹುಟ್ಟಿ, ಪುರುಷನೆಂದೇ ಸೇನೆ ಸೇರಿ 95ನೇ ಇಲಿನಾಯ್ ದಳದಲ್ಲಿ ಹೋರಾಡಿದ ಆಲ್ಬರ್ಟ್ ಕ್ಯಾಷಿಯರ್ ಹೆಸರೂ ಅಲ್ಲಿದೆ. ಕುದುರೆಯೇರಿದ ಸೇನಾನಿಯ ಪ್ರತಿಮೆಗಿಂತ ಇದು ಹೆಚ್ಚು ಪ್ರಜಾಸತ್ತಾತ್ಮಕವಾದ ಗೌರವ.

ಆದರೆ ಇದೇ ಕಟ್ಟಡ ಯುದ್ಧದ ಕುರುಹುಗಳನ್ನು ಬೇಕೆಂದೇ ದೂರವಿಟ್ಟಿತು. ಕಲ್ಲನ್ನೂ ಸೋತ ಪಕ್ಷದ ಜಾರ್ಜಿಯಾದಿಂದಲೇ ತರಿಸಲಾಯಿತು. ಹಗೆ ಮರೆಯುವ ಹಂಬಲ ಅಲ್ಲಿ ಸ್ಪಷ್ಟವಾಗಿದೆ. ಹಂಬಲ ಒಳ್ಳೆಯದೇ. ಆದರೆ ಉತ್ತರದ ಮತ್ತು ದಕ್ಷಿಣದ ಬಿಳಿಯರು ಹೀಗೆ ಕೈಕುಲುಕುತ್ತಿದ್ದ ಕಾಲದಲ್ಲೇ ಕಪ್ಪು ಜನರ ಹಕ್ಕುಗಳು ಒಂದೊಂದಾಗಿ ಕಳಚುತ್ತಿದ್ದವು. ಮಿಸಿಸಿಪ್ಪಿಯ 1890ರ ಸಂವಿಧಾನ ಅವರ ಮತದಾನದ ಹಕ್ಕನ್ನು ಬಹುಮಟ್ಟಿಗೆ ಕಸಿದುಕೊಂಡಿತ್ತು. ವಿಕ್ಸ್‌ಬರ್ಗ್‌ನ ರಾಷ್ಟ್ರೀಯ ಸ್ಮಶಾನದಲ್ಲಿ ಮಲಗಿರುವ ಸುಮಾರು 17,000 ಯೂನಿಯನ್ ಸೈನಿಕರಲ್ಲಿ ಸುಮಾರು 7,000 ಮಂದಿ ಕಪ್ಪು ಜನಾಂಗದವರು. ಆದರೂ ಈ ಉದ್ಯಾನದಲ್ಲಿ ಕಪ್ಪು ಸೈನಿಕರಿಗೊಂದು ಸ್ಮಾರಕ ಬಂದದ್ದು 2004ರಲ್ಲಿ, ಮುತ್ತಿಗೆ ಮುಗಿದು 140 ವರ್ಷ ಕಳೆದ ಮೇಲೆ. ಕಾರಣವನ್ನು ಬದಿಗಿಟ್ಟು ಶೌರ್ಯವನ್ನಷ್ಟೇ ಸ್ಮರಿಸಿದಾಗ, ಆ ಕಾರಣಕ್ಕಾಗಿಯೇ ಪ್ರಾಣ ಪಣಕ್ಕಿಟ್ಟವರು ಮರೆಗೆ ಸರಿಯುತ್ತಾರೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಸೈನಿಕ ಆದೇಶ ಪಾಲಿಸಿದವನು, ಅವನ ನೆನಪಿಗೆ ರಾಜಕೀಯ ಏಕೆ ಅಂಟಿಸಬೇಕು ಎಂಬುದು ಮೊದಲನೆಯದು. ಆ ಸಿಪಾಯಿಯ ಸಂಕಟ ನಿಜ, ಅವನ ಹೆಸರು ಉಳಿಯಲೇಬೇಕು. ಆದರೆ 1861ರಲ್ಲಿ ಒಕ್ಕೂಟದಿಂದ ಹೊರಬಂದಾಗ ಮಿಸಿಸಿಪ್ಪಿಯೇ ತನ್ನ ಘೋಷಣೆಯಲ್ಲಿ ಗುಲಾಮಗಿರಿಯನ್ನು ಮುಖ್ಯ ಕಾರಣವೆಂದು ಬರೆದುಕೊಂಡಿತು. ಯುದ್ಧಕ್ಕಿಳಿದವರೇ ಮುಚ್ಚಿಡದ ಕಾರಣವನ್ನು ನಾವು ಮುಚ್ಚಿಡುವುದು ಸರಿಯಲ್ಲ. ಇಂದಿನ ಮೌಲ್ಯಗಳನ್ನು ಹಳೆಯ ಇತಿಹಾಸದ ಮೇಲೆ ಹೇರುತ್ತಿದ್ದೀರಿ ಎಂಬುದು ಎರಡನೆಯದು. ಇಲಿನಾಯ್ ಗುಮ್ಮಟವೂ ಯುದ್ಧದ ಕಾಲದ್ದಲ್ಲ. ಮುತ್ತಿಗೆ ನಡೆದು 43 ವರ್ಷಗಳ ನಂತರದ ತಲೆಮಾರು ತನ್ನ ಕಾಲದ ಮೌಲ್ಯದಂತೆ ಕಟ್ಟಿದ್ದು. 1906ಕ್ಕೆ ಇದ್ದ ಆ ಅಧಿಕಾರ 2004ಕ್ಕೆ ಇಲ್ಲ ಎನ್ನಲು ಯಾವ ಆಧಾರವೂ ಇಲ್ಲ.

2004ರ ಸ್ಮಾರಕವನ್ನೇ ನೋಡಿ. ಗಾತ್ರದಲ್ಲಿ ಚಿಕ್ಕದು. ಕಪ್ಪು ಗ್ರಾನೈಟ್ ಪೀಠದ ಮೇಲೆ ಕಂಚಿನ ಮೂರು ಆಕೃತಿಗಳು: ಇಬ್ಬರು ಸೈನಿಕರು, ಒಬ್ಬ ಹೊಲದಾಳು. ಗಾಯಗೊಂಡ ಸೈನಿಕನಿಗೆ ಉಳಿದಿಬ್ಬರು ಹೆಗಲು ಕೊಟ್ಟಿದ್ದಾರೆ. ಹೊಲದಾಳು ಹಿಂದಕ್ಕೆ, ಜೀತದ ದಿನಗಳ ಕಡೆ ನೋಡುತ್ತಾನೆ. ಹೆಗಲು ಕೊಟ್ಟ ಸೈನಿಕ ಮುಂದಕ್ಕೆ, ಬಿಡುಗಡೆಯ ಕಡೆ. ಇದು 1863ರ ಜೂನ್ 7ರಂದು ವಿಕ್ಸ್‌ಬರ್ಗ್ ಸಮೀಪದ ಮಿಲಿಕೆನ್ಸ್ ಬೆಂಡ್‌ನಲ್ಲಿ, ಸರಿಯಾದ ತರಬೇತಿಯೂ ಸಿಗದೆ, ಶತ್ರುವನ್ನು ಹಿಮ್ಮೆಟ್ಟಿಸಿದ ಕಪ್ಪು ಸೈನಿಕರ ಪರಂಪರೆಯ ಗೌರವ. ಯುದ್ಧ ಯಾತಕ್ಕಾಗಿ ನಡೆಯಿತು ಎಂಬ ಪ್ರಶ್ನೆಗೆ ಆ ಎರಡು ನೋಟಗಳಲ್ಲೇ ಉತ್ತರವಿದೆ.

ಈ ಸ್ಮಾರಕಕ್ಕಾಗಿ ಇಲಿನಾಯ್ ಗುಮ್ಮಟದ ಒಂದು ಕಲ್ಲನ್ನೂ ಕದಲಿಸಬೇಕಾಗಲಿಲ್ಲ. ಊರಿನ ಚೌಕಗಳಲ್ಲಿ, ನ್ಯಾಯಾಲಯಗಳ ಮುಂದೆ ನಿಲ್ಲಿಸಿದ ಪ್ರತಿಮೆಗಳ ಮಾತು ಬೇರೆ. ಅವು ಇಂದಿನ ನಾಗರಿಕರ ಮೇಲೆ ಅಧಿಕಾರ ಸಾರುತ್ತವೆ, ಅವುಗಳನ್ನು ಇಳಿಸುವುದಕ್ಕೆ ನ್ಯಾಯವಾದ ಕಾರಣಗಳಿವೆ. ರಣಭೂಮಿ ಸಾಕ್ಷ್ಯದ ಜಾಗ. ಅಲ್ಲಿ ಹಳೆಯದನ್ನು ಉಳಿಸಿ, ಬಿಟ್ಟುಹೋದುದನ್ನು ಸೇರಿಸಬೇಕು. ಪ್ರತಿ ಸ್ಮಾರಕದ ಬಳಿ ಅದನ್ನು ಯಾರು, ಯಾವಾಗ, ಯಾವ ಉದ್ದೇಶಕ್ಕೆ ಕಟ್ಟಿದರು ಎಂದು ಬರೆದಿಡಬೇಕು. ಸತ್ತವರಿಗೆ ಸಲ್ಲಬೇಕಾದ ಗೌರವ ಇದರಿಂದ ಕಡಿಮೆಯಾಗುವುದಿಲ್ಲ. ಯಾತಕ್ಕಾಗಿ ಸತ್ತರೆಂದು ತಿಳಿದ ಮೇಲೆ ಸಲ್ಲಿಸುವ ಗೌರವವೇ ಪೂರ್ಣವಾದದ್ದು.