ಜವ, ವೇಗ ಮತ್ತು ವಿವೇಕ

ಪ್ರೌಢಶಾಲೆಯ ಭೌತವಿಜ್ಞಾನಕ್ಕೆ ಚಲನೆಯ ಪಾಠವೇ ಮೊದಲ ಮೆಟ್ಟಿಲು. ಆದರೆ ಬಹುಮಂದಿ ವಿದ್ಯಾರ್ಥಿಗಳು ಅದರ ಮೂರು ಸಮೀಕರಣಗಳನ್ನು ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಒಪ್ಪಿಸಿ, ಮರುದಿನವೇ ಮರೆಯುತ್ತಾರೆ. ಕನ್ನಡ ಪಾರಿಭಾಷಿಕ ಪದಗಳ ಕಾಠಿಣ್ಯವೇ ಇದಕ್ಕೆ ಕಾರಣವೆನ್ನುವವರುಂಟು. ಈ ಮಾತು ವಿಚಾರಾರ್ಹವೇ ಹೊರತು ಒಪ್ಪತಕ್ಕುದಲ್ಲ.

ಲೋಕರೂಢಿಯಲ್ಲಿ ಜವ, ವೇಗ ಎರಡೂ ಒಂದೇ. ಅಮರಕೋಶದಲ್ಲಿಯೂ ಜವ ಶಬ್ದವು ರಯ, ತರಸ್ ಮುಂತಾದ ಸಮಾನಾರ್ಥಕಗಳ ಸಾಲಿನಲ್ಲಿಯೇ ನಿಂತಿದೆ. ಭೌತವಿಜ್ಞಾನವಾದರೋ ಇವೆರಡನ್ನೂ ಬೇರ್ಪಡಿಸುತ್ತದೆ. ಏಕಮಾನ ಕಾಲದಲ್ಲಿ ಕ್ರಮಿಸಿದ ದೂರ ಜವ. ಏಕಮಾನ ಕಾಲದಲ್ಲಿ ಆದ ಸ್ಥಾನಪಲ್ಲಟ ವೇಗ, ಅದಕ್ಕೆ ದಿಕ್ಕುಂಟು. ವೇಗವು ಬದಲಾಗುವ ದರ ವೇಗೋತ್ಕರ್ಷ. ವ್ಯಾಕರಣದಲ್ಲಿ ವೃದ್ಧಿಯೆಂದರೆ ಬೆಳವಣಿಗೆಯಲ್ಲ. ಆ, ಐ, ಔ ಎಂಬ ಸ್ವರಗಳ ಸಂಜ್ಞೆ. ಅದನ್ನರಿತು ವೃದ್ಧಿಸಂಧಿಯನ್ನು ಬಿಡಿಸಬಲ್ಲ ಬಾಲಕನಿಗೆ ಜವ-ವೇಗಗಳ ಭೇದ ದುರ್ಗಮವಾಗಲಾರದು. ಶಾಸ್ತ್ರವು ಶಬ್ದಕ್ಕೆ ಗೊತ್ತುಮಾಡಿದ ಎಲ್ಲೆಯನ್ನು ತಿಳಿಸಿಕೊಡುವ ಗುರು ಬೇಕು, ಅಷ್ಟೆ.

ಉದಾಹರಣೆಗಳಿಗೆ ದೂರ ಹೋಗಬೇಕಾಗಿಲ್ಲ. ಕಾನಹೊಸಹಳ್ಳಿಯಿಂದ ಕೂಡ್ಲಿಗಿಯ ಕಚೇರಿಗೆ ಹೋಗಿ ಸಂಜೆಗೆ ಮನೆಗೆ ಮರಳಿದ ರೈತನು ಕ್ರಮಿಸಿದ ದೂರ ಹಲವು ಕಿಲೋಮೀಟರು. ಅವನ ಸ್ಥಾನಪಲ್ಲಟ ಸೊನ್ನೆ! ಕೊಟ್ಟೂರಿನ ತೇರು ನಿಂತ ನೆಲೆಯಿಂದ ಕದಲಿ ಓಟ ಹಿಡಿಯುವುದು ವೇಗೋತ್ಕರ್ಷ. ಓಟ ತಗ್ಗಿ ನಿಲ್ಲುವುದು ಋಣ ವೇಗೋತ್ಕರ್ಷ. ಕಂಡದ್ದಕ್ಕೆ ಹೆಸರಿಟ್ಟರೆ ಪದವು ಕಠಿಣವೆನಿಸದು.

ಈ ತಿಳಿವಳಿಕೆಯು ಅಂಕಗಳಿಗಾಗಿ ಮಾತ್ರವಲ್ಲ. ಹಿಂದೆ 13 ಎಂಬ ಸಂಖ್ಯೆಯಿದ್ದ, ಈಗ 50 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿಯು ಚಿತ್ರದುರ್ಗದಿಂದ ಕಾನಹೊಸಹಳ್ಳಿಯ ಮಾರ್ಗವಾಗಿ ಹೊಸಪೇಟೆಯತ್ತ ಸಾಗುತ್ತದೆ. ಗಂಟೆಗೆ 36 ಕಿಲೋಮೀಟರಿನಂತೆ ಬರುವ ವಾಹನವು ಸೆಕೆಂಡಿಗೆ 10 ಮೀಟರು ಚಲಿಸುತ್ತದೆ. ಚಾಲಕನು ಕಂಡು ಬ್ರೇಕು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆನ್ನೋಣ. ಬಳಿಕ ಸೆಕೆಂಡಿಗೆ 5 ಮೀಟರಿನಂತೆ ವೇಗ ತಗ್ಗಿತೆನ್ನೋಣ. ಆಗ ವಾಹನವು ನಿಲ್ಲಲು 10 ಮತ್ತು 10, ಒಟ್ಟು 20 ಮೀಟರು ಬೇಕು. ವೇಗವು 72 ಆದರೆ 20 ಮತ್ತು 40, ಒಟ್ಟು 60 ಮೀಟರು! ವೇಗ ಇಮ್ಮಡಿಯಾದರೆ ಬ್ರೇಕಿನ ದೂರ ನಾಲ್ಮಡಿಯಾಗುತ್ತದೆ. ಮೂರನೆಯ ಸಮೀಕರಣದಲ್ಲಿ ವೇಗದ ವರ್ಗವಿರುವುದರ ತಾತ್ಪರ್ಯವಿದು. ರಸ್ತೆ ದಾಟುವ ಬಾಲಕಿಗೂ ಮೋಟಾರುಸೈಕಲ್ಲೇರುವ ತರುಣನಿಗೂ ಇದು ಪ್ರಾಣರಕ್ಷಕ ವಿದ್ಯೆ. ಸಮೀಕರಣ ಬರೆಯಬಲ್ಲವನೂ ಈ ಅರ್ಥವನ್ನರಿಯದೆ ಹೋದರೆ ಆ ವಿದ್ಯೆ ಗಿಳಿಪಾಠವೇ ಸರಿ.

ಕನ್ನಡದಲ್ಲಿ ಕಲಿತವರು ಮುಂದೆ ಕಾಲೇಜಿನಲ್ಲಿ ತೊಡಕಿಗೆ ಸಿಲುಕುವರೆಂಬ ಆಕ್ಷೇಪವೂ ನಿರಾಧಾರವಲ್ಲ. ಆದರೆ ವಸ್ತು ಮನದಟ್ಟಾದವನಿಗೆ ಹೆಸರು ಬದಲಾಯಿಸಿಕೊಳ್ಳುವುದು ಕೆಲವು ವಾರಗಳ ಶ್ರಮ; ವಸ್ತುವೇ ತಿಳಿಯದವನಿಗೆ ಯಾವ ಭಾಷೆಯ ಹೆಸರೂ ಆಸರೆಯಾಗದು. ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿಯೇ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದರು. ಶಾಸ್ತ್ರವಿಷಯವು ಕನ್ನಡಕ್ಕೆ ಒಗ್ಗುವುದೆಂಬುದು ಅಂದೇ ಸಿದ್ಧಪಟ್ಟಿತು.

ಆದುದರಿಂದ ಚಲನೆಯ ಪಾಠದ ಮೊದಲ ವಾರದಲ್ಲಿ ವಿಜ್ಞಾನ ಶಿಕ್ಷಕರೂ ಕನ್ನಡ ಪಂಡಿತರೂ ಕೂಡಿಯೇ ತರಗತಿಗೆ ಬರುವುದು ಯುಕ್ತ. ಒಬ್ಬರು ಪದದ ಎಲ್ಲೆಯನ್ನು ಹೇಳಲಿ. ಇನ್ನೊಬ್ಬರು ಮೈದಾನದಲ್ಲಿ ಅಳೆದು ತೋರಿಸಲಿ. ದಾನಿಗಳ ಔದಾರ್ಯದಿಂದ ಕಟ್ಟಡಗಳೆದ್ದಿರುವುದು ಸ್ತುತ್ಯ. ಇನ್ನು ಮುಂದೆ ಪ್ರತಿ ತರಗತಿಗೂ ಒಂದು ಅಳತೆಯ ಟೇಪು, ಒಂದು ನಿಲ್ಲುಗಡಿಯಾರ ದೊರೆಯಲಿ. ಅವುಗಳ ಮೇಲೆ ದಾನಿಯ ಹೆಸರು ಕೆತ್ತಲು ಸ್ಥಳವಿರದು. ಆದರೆ ಹೆದ್ದಾರಿಯ ಅಂಚಿನಲ್ಲಿ ಒಂದು ಕ್ಷಣ ತಡೆದು ನಿಲ್ಲುವ ಮಗುವಿನ ವಿವೇಕದಲ್ಲಿ ಆ ದಾನವು ಸಾರ್ಥಕವಾಗುವುದು.