ಕೊಲೆಗಾರನ ಮೇಲೊಂದು ಕನಿಕರ
ಮನೆಗೆ ಬಂದು ಮಲಗಿದ್ದ ದೊರೆ ಡಂಕನ್‌ನನ್ನು ಇರಿದವನು, ಗೆಳೆಯ ಬ್ಯಾಂಕೋನನ್ನು ಕೊಲ್ಲಿಸಿದವನು, ಎದುರಾಳಿ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನೂ ಬಿಡದವನು ಷೇಕ್ಸ್‌ಪಿಯರ್ ನಾಟಕದ ಮ್ಯಾಕ್‌ಬೆತ್. ಇಂಥವನ ಬಗ್ಗೆ ನಮಗೇಕೆ ಮರುಕ? ಮಾಟಗಾತಿಯರು ಆಸೆ ಹಚ್ಚಿದರು, ಹೆಂಡತಿ ಗಂಡಸುತನವನ್ನೇ ಕೆಣಕಿದಳು ಎಂದು ವಕಾಲತ್ತು ವಹಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಮಾಟಗಾತಿಯರು ರಾಜನಾಗುತ್ತೀಯೆ ಎಂದರೇ ಹೊರತು ಕತ್ತಿ ಹಿಡಿ ಎನ್ನಲಿಲ್ಲ. ಬ್ಯಾಂಕೋನಿಗೂ ಅವರು ಆಸೆ ಹುಟ್ಟಿಸುವ ಮಾತನ್ನೇ ಆಡಿದ್ದರು, ಅವನು ಕೊಲೆಗಿಳಿಯಲಿಲ್ಲ. ಮರುಕ ಹುಟ್ಟುವುದು ಬೇರೆ ಕಡೆ. ಡಂಕನ್ ತನ್ನ ನೆಂಟ, ಒಳ್ಳೆಯ ದೊರೆ, ಮೇಲಾಗಿ ಅತಿಥಿ ಎಂದು ಇವನೇ ಲೆಕ್ಕ ಹಾಕುತ್ತಾನೆ, ಈ ಕೆಲಸ ಬೇಡವೆಂದು ಹೆಂಡತಿಗೆ ಹೇಳಿಯೂ ಬಿಡುತ್ತಾನೆ. ಆಮೇಲೆ ನಾಲ್ಕು ಮಾತಿಗೆ ಕರಗುತ್ತಾನೆ. ಷೇಕ್ಸ್‌ಪಿಯರ್ ಕೊಲೆಯನ್ನು ತೆರೆಮರೆಗೆ ತಳ್ಳಿ, ನೆತ್ತರು ಮೆತ್ತಿದ ಕೈಯನ್ನು ಮಾತ್ರ ನಮ್ಮೆದುರಿಗೆ ತರುತ್ತಾನೆ.  1979ರಲ್ಲಿ ರಂಗನಿರ್ದೇಶಕ ಬಿ.ವಿ. ಕಾರಂತರು ಈ ನಾಟಕವನ್ನು ಹಿಂದಿಯಲ್ಲಿ ‘ಬರ್ನಂ ವನ’ವಾಗಿ ಆಡಿಸಿದಾಗ ಯಕ್ಷಗಾನದ ಶೈಲಿಗೆ ಕೈಹಾಕಿದರು. ಖಳನಿಗೂ ಕಿರೀಟದ ಗತ್ತು ಕೊಡುವ ಆ ರಂಗಭಾಷೆ ಇವನಿಗೆ ಒಪ್ಪುವಂಥದ್ದೇ.